ಮರಳಿಗೆ ಬೇಕಾದ್ದು ಗಾಳಿ, ಜೆಸಿಬಿ ಅಲ್ಲ

ಬೀಚ್ ಗುಡಿಸುವವರ ಮೇಲೆ ನನ್ನದೊಂದು ತಕರಾರಿದೆ. ಬಿಯರ್ ಬಾಟಲಿ, ಚಿಪ್ಸ್ ಪ್ಯಾಕೆಟ್, ಹರಿದ ಚಪ್ಪಲಿ ಹೆಕ್ಕಿ ಚೀಲಕ್ಕೆ ತುಂಬುವವರ ಮೇಲಲ್ಲ. ಅವರಿಗೆ ಎರಡೂ ಕೈ ಎತ್ತಿ ನಮಸ್ಕಾರ. ನನ್ನ ತಕರಾರು ಇರೋದು ಬಾಟಲಿಯ ಜೊತೆ ಬಳ್ಳಿಯನ್ನೂ ಕೀಳುವವರ ಮೇಲೆ, ಕಸದ ಜೊತೆ ದಿಬ್ಬವನ್ನೂ ಸವರಿ ಹಾಕುವವರ ಮೇಲೆ, 'ನೀಟಾಗಿ ಕಾಣ್ಬೇಕು ಸಾರ್' ಅಂತ ಕಡಲತೀರಕ್ಕೆ ಟ್ರ್ಯಾಕ್ಟರ್ ಇಳಿಸುವವರ ಮೇಲೆ. ಆ ನೀಟಾದ ಬೀಚಿನ ಫೋಟೋ ನೋಡಿ 'ವಾವ್, ಫಾರಿನ್ ಥರಾ ಇದೆ' ಅಂತ ಕಾಮೆಂಟ್ ಹಾಕುವವರ ಮೇಲೂ ಇದೆ ಅನ್ನಿ.

ಬೀಚ್ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರ ತಲೆಯಲ್ಲಿ ಮೂಡುವ ಚಿತ್ರ ಒಂದೇ. ಚಾಪೆ ಹಾಸಿದ ಹಾಗೆ ಸಪಾಟಾದ ಮರಳು, ಒಂದು ಹುಲ್ಲು ಕಡ್ಡಿ ಇಲ್ಲ, ಎರಡು ತೆಂಗಿನ ಮರ, ಮಧ್ಯೆ ಒಂದು ಹ್ಯಾಮಕ್. ಇದು ರೆಸಾರ್ಟಿನ ಬ್ರೋಷರಿನಿಂದ ಬಂದ ಚಿತ್ರ. ಯಾರೂ ಕೈ ಹಚ್ಚದ ಕಡಲತೀರ ಹೀಗಿರೋದಿಲ್ಲ. ನೀರಿನ ಅಂಚಿನಿಂದ ಊರಿನ ಕಡೆಗೆ ನಡೆಯುತ್ತಾ ಹೋದರೆ ಮೊದಲು ಒದ್ದೆ ಮರಳು. ಆಮೇಲೆ ಒಣ ಮರಳು. ಅದರ ನಡುವೆ ಅಲೆ ಬಿಟ್ಟುಹೋದ ಪಾಚಿ, ಕಪ್ಪೆಚಿಪ್ಪು, ಕೊಳೆತ ಕಟ್ಟಿಗೆಯ ಒಂದು ಗೆರೆ. ಅದನ್ನು ದಾಟಿದರೆ ನೇರಳೆ ಹೂವಿನ ಬಳ್ಳಿ, ಮುಳ್ಳು ಮುಳ್ಳಿನ ಒರಟು ಹುಲ್ಲು, ಮೊಣಕಾಲೆತ್ತರದ ಗುಪ್ಪೆಗಳು. ಆಮೇಲೆ ಆಳೆತ್ತರದ ದಿಬ್ಬ, ಅದರ ಬೆನ್ನಿಗೆ ಕೇದಗೆಯ ಪೊದೆ. ತೋಟ, ಮನೆ ಎಲ್ಲ ಅದರ ಹಿಂದೆ. ಈ ಒಂದೊಂದು ಸಾಲಿಗೂ ಒಂದು ಕಾರಣ ಇದೆ. ಈ ಸಾಲುಗಳನ್ನು ಕಟ್ಟಿದ ಮೇಸ್ತ್ರಿ ಗಾಳಿ.

ನನ್ನೂರು ಕುಂದಾಪುರ ಮತ್ತು ಬೈಂದೂರಿನ ನಡುವೆ ಕಡಲ ಬದಿಯಲ್ಲಿದೆ. ನಮ್ಮ ಕಡೆ ಮರಳಿಗೆ ಹೊಯ್ಗೆ ಅಂತಾರೆ. ಮೇಕೆಯ ಗೊರಸಿನಂಥ ಸೀಳು ಎಲೆಯ ಆ ಬಳ್ಳಿಯನ್ನು ನಾವು ಮಕ್ಕಳು ಆಟಕ್ಕೆ ಎಳೆದರೆ ನಮ್ಮ ಅಜ್ಜಿ ಬೈಯುತ್ತಿದ್ದರು: "ಆ ಬಳ್ಳಿ ಕೀಳ್ಬೇಡ ಮಗಾ, ಹೊಯ್ಗೆ ಹಾರ್ತ್." ಅಷ್ಟೇ. ಅದಕ್ಕಿಂತ ಹೆಚ್ಚಿನ ವಿವರಣೆ ಅವರ ಹತ್ತಿರ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಆ ನಾಲ್ಕು ಮಾತಿನ ಹಿಂದಿರುವ ಭೌತಶಾಸ್ತ್ರ ನನಗೆ ಸಿಕ್ಕಿದ್ದು ಬಹಳ ವರ್ಷಗಳ ಮೇಲೆ, ಬೆಂಗಳೂರಿನ ಆಫೀಸಿನಲ್ಲಿ ಕೂತು ಓದುವಾಗ.

ಆ ಭೌತಶಾಸ್ತ್ರಕ್ಕೆ ಅಡಿಪಾಯ ಹಾಕಿದವರು ರಾಲ್ಫ್ ಬ್ಯಾಗ್ನಾಲ್ಡ್ ಎಂಬ ಬ್ರಿಟಿಷ್ ಸೇನೆಯ ಎಂಜಿನಿಯರ್. 1920ರ ಮತ್ತು 30ರ ದಶಕದಲ್ಲಿ ರಜೆ ಸಿಕ್ಕಾಗಲೆಲ್ಲ ಫೋರ್ಡ್ ಕಾರು ಹತ್ತಿ ಲಿಬಿಯಾದ ಮರುಭೂಮಿಗೆ ನುಗ್ಗುತ್ತಿದ್ದ ಮನುಷ್ಯ. ಮರಳಿನ ದಿಬ್ಬಗಳು ಯಾಕೆ ಇಷ್ಟು ಶಿಸ್ತಾಗಿ ನಿಂತಿವೆ ಅನ್ನೋ ಪ್ರಶ್ನೆ ತಲೆಗೆ ಹೊಕ್ಕಿತು. ಸೇನೆಯಿಂದ ನಿವೃತ್ತರಾದ ಮೇಲೆ ಸ್ವತಃ ಒಂದು ಗಾಳಿ ಸುರಂಗ ಕಟ್ಟಿ, ಅದರೊಳಗೆ ಮರಳು ಹಾಕಿ, ಗಾಳಿ ಬಿಟ್ಟು, ಕಾಳು ಕಾಳಿನ ಲೆಕ್ಕ ಹಾಕಿದರು. 1941ರಲ್ಲಿ ಬಂದ ಅವರ ಪುಸ್ತಕ ಇವತ್ತಿಗೂ ಈ ವಿಷಯದ ಮೂಲಪಾಠ. ಮಂಗಳ ಗ್ರಹದಲ್ಲಿ ಕ್ಯೂರಿಯಾಸಿಟಿ ರೋವರ್ 2015ರ ಕೊನೆಯಲ್ಲಿ ತಲುಪಿದ ಮರಳು ದಿಬ್ಬಗಳಿಗೆ ಅವರದೇ ಹೆಸರಿಟ್ಟಿದ್ದಾರೆ.

ಬ್ಯಾಗ್ನಾಲ್ಡ್ ಹೇಳಿದ್ದನ್ನು ಚುಟುಕಾಗಿ ಹೇಳ್ತೀನಿ. ಗಾಳಿ ಮರಳನ್ನು ಸಾಗಿಸುವುದು ಮೂರು ಥರ. ಹಿಟ್ಟಿನಷ್ಟು ನಯವಾದ ಧೂಳು ಗಾಳಿಯಲ್ಲಿ ತೇಲಿ ಹೋಗುತ್ತೆ. ಬೀಚಿನಲ್ಲಿ ಅಂಥ ಧೂಳು ಕಡಿಮೆ, ಅಲೆಗಳು ಅದನ್ನು ಮೊದಲೇ ತೊಳೆದು ಒಯ್ದಿರುತ್ತವೆ. ಎರಡನೆಯದು ನೆಗೆತ. ಮರಳಿನ ಕಾಳು ನೆಲದಿಂದ ಚಿಮ್ಮಿ, ಗಾಳಿಯ ವೇಗ ಪಡೆದು, ಓರೆಯಾಗಿ ಬಂದು ನೆಲಕ್ಕೆ ಬಡಿಯುತ್ತೆ. ಬಡಿದ ಏಟಿಗೆ ತಾನೂ ಮತ್ತೆ ನೆಗೆಯುತ್ತೆ, ಪಕ್ಕದ ಕಾಳುಗಳನ್ನೂ ಎಬ್ಬಿಸುತ್ತೆ. ಒಂದು ಶುರುವಾದರೆ ಸಾಕು, ಸರಣಿ. ಮೂರನೆಯದು ತೆವಳಿಕೆ. ನೆಗೆಯಲಾರದ ದಪ್ಪ ಕಾಳುಗಳು ಹೀಗೆ ಏಟು ತಿಂದು ತಿಂದು ಉರುಳುತ್ತಾ ಮುಂದೆ ಸರಿಯುತ್ತವೆ. ನೆಗೆದು ಬಂದ ಒಂದು ಕಾಳು ತನ್ನ ಆರು ಪಟ್ಟು ದಪ್ಪದ, ತೂಕದಲ್ಲಿ 200 ಪಟ್ಟು ಮೀರಿದ ಕಾಳನ್ನು ಸರಿಸಬಲ್ಲದು. ಒಟ್ಟು ಸಾಗುವ ಮರಳಿನಲ್ಲಿ ಮುಕ್ಕಾಲು ಪಾಲು ನೆಗೆತದ್ದು, ಕಾಲು ಪಾಲು ತೆವಳಿಕೆಯದ್ದು.

ಮಾರ್ಚ್ ಏಪ್ರಿಲ್‌ನಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಬೀಚಿನಲ್ಲಿ ನಿಂತವರಿಗೆ ಇದು ಪುಸ್ತಕ ಇಲ್ಲದೆಯೂ ಗೊತ್ತು. ಕಣಕಾಲಿಗೆ ಸೂಜಿ ಚುಚ್ಚಿದ ಹಾಗಾಗುತ್ತೆ, ಮುಖಕ್ಕೆ ಏನೂ ಬಡಿಯೋದಿಲ್ಲ. ಯಾಕಂದ್ರೆ ನೆಗೆತದ ಆಟ ಪೂರ್ತಿ ನಡೆಯೋದು ಹೆಚ್ಚುಕಮ್ಮಿ ಮೊಣಕಾಲಿನ ಕೆಳಗೆ. ಇದನ್ನು ನೆನಪಿಟ್ಟುಕೊಳ್ಳಿ. ಒಂದು ಗೇಣು ಎತ್ತರದ ಬಳ್ಳಿ ಯಾಕೆ ಅಷ್ಟು ದೊಡ್ಡ ಕೆಲಸ ಮಾಡುತ್ತೆ ಅನ್ನೋದಕ್ಕೆ ಉತ್ತರ ಇಲ್ಲಿದೆ.

ಇನ್ನೆರಡು ಲೆಕ್ಕ. ಒಣಗಿದ ಮರಳು ಏಳಬೇಕಾದರೆ ಗಾಳಿಗೆ ಒಂದು ಕನಿಷ್ಠ ವೇಗ ಬೇಕು, ಗಂಟೆಗೆ 20 ಕಿಲೋಮೀಟರ್ ಆಸುಪಾಸು. ಅದಕ್ಕಿಂತ ಕಡಿಮೆ ಇದ್ದರೆ ಒಂದು ಕಾಳೂ ಕದಲೋದಿಲ್ಲ. ಅದು ದಾಟಿದ ಮೇಲೆ ಮಾತ್ರ ಲೆಕ್ಕ ಹುಚ್ಚುಹಿಡಿದ ಹಾಗೆ ಏರುತ್ತೆ. ಗಾಳಿಯ ಬಲ ಎರಡು ಪಟ್ಟಾದರೆ ಸಾಗುವ ಮರಳು ಎರಡು ಪಟ್ಟಲ್ಲ, ಸುಮಾರು ಎಂಟು ಪಟ್ಟು. ಹಾಗಾಗಿ ತಿಂಗಳಿಡೀ ಬೀಸುವ ತಂಗಾಳಿಗಿಂತ ಎರಡು ದಿನದ ಬಿರುಗಾಳಿ ಹೆಚ್ಚು ಮರಳು ಹೊರುತ್ತೆ. ಎರಡನೇ ಲೆಕ್ಕ ನೀರಿನದ್ದು. ಮರಳಿನಲ್ಲಿ ಸ್ವಲ್ಪ ತೇವ ಇದ್ದರೂ ಕಾಳುಗಳು ಒಂದನ್ನೊಂದು ಹಿಡಿದುಕೊಂಡು ಕೂರುತ್ತವೆ, ಆಗ ಗಾಳಿಯ ಆಟ ನಡೆಯೋದಿಲ್ಲ. ಹಾಗಾಗಿ ಗಾಳಿಗೆ ಬರೀ ಮರಳು ಸಾಲದು, ಒಣ ಮರಳು ಬೇಕು, ಅದೂ ಅಗಲವಾಗಿ ಹರಡಿರಬೇಕು. ಗಾಳಿ ಒಣ ಮರಳಿನ ಮೇಲೆ ಉದ್ದಕ್ಕೆ ಓಡಿದಷ್ಟೂ ನೆಗೆತದ ಸರಣಿ ಬೆಳೆದು ಹೊರೆ ಹೆಚ್ಚುತ್ತೆ. ಕಿರಿದಾದ ಬೀಚಿನಲ್ಲಿ ಗಾಳಿ ಕೈ ಬೀಸಿಕೊಂಡು ಬರುತ್ತೆ.

ಈಗ ಇದನ್ನು ನಮ್ಮ ಕರಾವಳಿಯ ವರ್ಷಕ್ಕೆ ಹೊಂದಿಸಿ ನೋಡಿ. ಜೂನ್‌ನಲ್ಲಿ ಮಳೆಗಾಲ ಶುರು. ದೈತ್ಯ ಅಲೆಗಳು ಬೀಚನ್ನು ಕೆರೆದು ಕೆರೆದು ಮರಳನ್ನು ಕಡಲಿಗೆ ಎಳೆಯುತ್ತವೆ. ದಿಬ್ಬದ ಮುಖ ಕತ್ತರಿಸಿದ ಹಾಗೆ ಕುಸಿಯುತ್ತೆ. ನೋಡಿದವರಿಗೆ ಎದೆ ಝಲ್ಲೆನ್ನುತ್ತೆ. ಆದರೆ ಆ ಮರಳು ಮಾಯವಾಗೋದಿಲ್ಲ. ಸ್ವಲ್ಪ ದೂರದಲ್ಲಿ ನೀರಿನಡಿ ಗುಡ್ಡೆಯಾಗಿ ಕೂರುತ್ತೆ. ಮುಂದಿನ ಅಲೆಗಳು ಅದರ ಮೇಲೇ ಒಡೆದು, ದಡಕ್ಕೆ ಬರುವಷ್ಟರಲ್ಲಿ ಬಲ ಕಳೆದುಕೊಳ್ಳುತ್ತವೆ. ಅಂದರೆ ದಿಬ್ಬ ತಾನು ಕರಗಿ ಊರನ್ನು ಕಾಯುತ್ತೆ. ಮಳೆಗಾಲದಲ್ಲಿ ಗಾಳಿ ಜೋರಿದ್ದರೂ ಮರಳು ನೆನೆದಿರೋದರಿಂದ ಹಾರೋದು ಕಡಿಮೆ. ಮಳೆ ನಿಂತು ಕಡಲು ಶಾಂತವಾದ ಮೇಲೆ ಸಣ್ಣ ಅಲೆಗಳು ಅದೇ ಮರಳನ್ನು ತಿಂಗಳುಗಟ್ಟಲೆ ನಿಧಾನವಾಗಿ ದಡಕ್ಕೆ ತಂದು ಹಾಕುತ್ತವೆ. ಬಿಸಿಲಿಗೆ ಅದು ಒಣಗುತ್ತೆ. ದಿನಾ ಮಧ್ಯಾಹ್ನದ ಕಡಲ ಗಾಳಿ ಒಣಗಿದ್ದನ್ನು ಹೊತ್ತು ಮೇಲಕ್ಕೆ ಒಯ್ಯುತ್ತೆ.

ಒಯ್ದದ್ದು ನಿಲ್ಲಬೇಕಲ್ಲ? ಅಲ್ಲಿ ಬರೋದು ಅಜ್ಜಿಯ ಬಳ್ಳಿ. ನೆಲದ ಹತ್ತಿರ ಗಾಳಿಯ ವೇಗ ತಗ್ಗಿದ ಕ್ಷಣ ಮರಳು ಕೆಳಗೆ ಬೀಳುತ್ತೆ. ಬಳ್ಳಿಯ ಎಲೆಯ ಸಂದಿ, ಮುಳ್ಳುಹುಲ್ಲಿನ ಬುಡ, ಪಾಚಿಯ ಗೆರೆ, ಒಂದು ಕಟ್ಟಿಗೆ ತುಂಡು, ಹೀಗೆ ಗಾಳಿಗೆ ಅಡ್ಡ ಬರುವ ಏನಾದರೂ ಸರಿ. ಅದರ ಮರೆಯಲ್ಲಿ ಮೊದಲು ಒಂದು ಬೊಗಸೆ ಮರಳು ಕೂರುತ್ತೆ. ಆ ಬೊಗಸೆಯೇ ಗಾಳಿಗೆ ಅಡ್ಡವಾಗಿ ಇನ್ನೊಂದು ಬುಟ್ಟಿ ಕೂರುತ್ತೆ. ಬೇರೆ ಗಿಡವಾದರೆ ಮರಳಲ್ಲಿ ಹೂತು ಸತ್ತೇ ಹೋಗುತ್ತಿತ್ತು. ಇವು ಹಾಗಲ್ಲ. ಹೂತಷ್ಟೂ ಗೆಣ್ಣುಗೆಣ್ಣಿಗೆ ಬೇರು ಬಿಟ್ಟು ಮೇಲಕ್ಕೆ ಚಿಗುರುತ್ತವೆ. ಮರಳು ಏರಿದ ಹಾಗೆ ಬಳ್ಳಿಯೂ ಏರುತ್ತೆ, ಬಳ್ಳಿ ಏರಿದ ಹಾಗೆ ಮರಳೂ ಏರುತ್ತೆ. ರಾವಣನ ಮೀಸೆ ಅಂತ ಕರೆಯುವ ಆ ಮುಳ್ಳುಹುಲ್ಲಿನ ಬೀಜದ ಉಂಡೆಯನ್ನು ಊರಿಂದೂರಿಗೆ ಉರುಳಿಸಿಕೊಂಡು ಹೋಗಿ ಬಿತ್ತುವುದೂ ಇದೇ ಗಾಳಿ. ಅದು ಬೀಚಿನುದ್ದಕ್ಕೂ ಚೆಂಡಿನ ಹಾಗೆ ಓಡೋದನ್ನು ನೋಡಿದ್ದರೆ ನಿಮಗೆ ಗೊತ್ತಿರುತ್ತೆ.

ಈ ಲೆಕ್ಕದಲ್ಲಿ ದಿಬ್ಬ ಅನ್ನೋದು ಊರಿನ ಉಳಿತಾಯ ಖಾತೆ. ಎಂಟು ತಿಂಗಳು ಗಾಳಿ ಜಮೆ ಮಾಡುತ್ತೆ, ನಾಲ್ಕು ತಿಂಗಳು ಕಡಲು ಖರ್ಚು ಮಾಡುತ್ತೆ. ಜಮೆಯನ್ನು ನಿಲ್ಲಿಸಿ ಖರ್ಚು ಮಾತ್ರ ನಡೆಯಲಿ ಅಂದರೆ ಏನಾಗುತ್ತೆ ಅಂತ ತಿಂಗಳ ಕೊನೆಗೆ ಇಎಂಐ ಕಟ್ಟುವ ಯಾರಿಗೂ ನಾನು ಹೇಳಿಕೊಡಬೇಕಾಗಿಲ್ಲ.

ಈ ಜಮೆಯನ್ನು ನಾವು ನಾಲ್ಕು ದಾರಿಯಲ್ಲಿ ನಿಲ್ಲಿಸುತ್ತಿದ್ದೇವೆ.

ಮೊದಲನೆಯದು ಗುಡಿಸೋದು. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಂಪನಿಯೊಂದು ನಮ್ಮನ್ನೆಲ್ಲ ಬಸ್ ತುಂಬಿಸಿ ಬೀಚ್ ಕ್ಲೀನಪ್‌ಗೆ ಕರೆದೊಯ್ದಿತ್ತು. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು, ಕೈಗವಸು. ಪ್ಲಾಸ್ಟಿಕ್ ಒಂದು ಗಂಟೆಯಲ್ಲಿ ಮುಗೀತು. ಆಮೇಲೆ ಫೋಟೋಗೆ ಚೀಲ ಇನ್ನೂ ದಪ್ಪ ಕಾಣಲಿ ಅಂತ ಬಳ್ಳಿ ಕೀಳೋಕೆ ಶುರು ಮಾಡಿದರು. 'ಅದನ್ನು ಬಿಡಿ, ಅದು ಕಸ ಅಲ್ಲ' ಅಂದೆ. 'ಅಯ್ಯೋ ವೀಡ್ಸ್ ಅಲ್ವಾ ಗುರು' ಅಂದರು. ಹತ್ತು ನಿಮಿಷ ವಾದ ಮಾಡಿದೆ. ಇಬ್ಬರು ನಿಲ್ಲಿಸಿದರು, ಇಪ್ಪತ್ತು ಜನ ಮುಂದುವರಿಸಿದರು. ಇದೇ ಜನ ಆಫೀಸಿನಲ್ಲಿ ಹತ್ತು ವರ್ಷ ಹಳೆಯ ಕೋಡಿನಲ್ಲಿ ಅರ್ಥವಾಗದ ಒಂದು ಸಾಲು ಕಂಡರೆ ಮುಟ್ಟೋಕೂ ಹೆದರುತ್ತಾರೆ. 'ಯಾರೋ ಯಾವುದೋ ಕಾರಣಕ್ಕೆ ಹಾಕಿರ್ತಾರೆ, ತೆಗೆದ್ರೆ ಪ್ರೊಡಕ್ಷನ್ ಬಿದ್ದುಹೋದ್ರೆ?' ಅಂತ ನಾಲ್ಕು ಮೀಟಿಂಗ್ ಕರೆಯುತ್ತಾರೆ. ಸಾವಿರಾರು ವರ್ಷದಿಂದ ಓಡುತ್ತಿರುವ ವ್ಯವಸ್ಥೆಯ ಬೇರನ್ನು ಕೀಳೋಕೆ ಮಾತ್ರ ಒಂದು ಟೀ ಶರ್ಟು ಸಾಕು.

ಕೈಯಲ್ಲಿ ಕೀಳೋದಾದರೂ ಚಿಕ್ಕ ಹಾನಿ. ಟ್ರ್ಯಾಕ್ಟರಿಗೆ ಬಾಚಣಿಗೆ ಕಟ್ಟಿ ಬೀಚನ್ನೇ ಬಾಚುವ ಯಂತ್ರಗಳಿವೆ. ಅವು ಪಾಚಿಯ ಗೆರೆಯನ್ನೂ, ಆಗಷ್ಟೇ ಮೊಳೆತ ಬೀಜವನ್ನೂ, ಬೊಗಸೆ ಮರಳಿನ ಗುಪ್ಪೆಯನ್ನೂ ಒಂದೇ ಸಲಕ್ಕೆ ಅಳಿಸುತ್ತವೆ. ಅಮೆರಿಕದ ಸಾಂಟಾ ಮೋನಿಕಾ ಬೀಚನ್ನು ಹೀಗೆ ದಶಕಗಳ ಕಾಲ ಬಾಚಿದರು. ಸಿನಿಮಾಗಳಲ್ಲಿ ಕಾಣುವ ಆ ಸಪಾಟು ಬೀಚ್ ಹಾಗಾದದ್ದು ಯಂತ್ರದಿಂದ. 2016ರ ಕೊನೆಯಲ್ಲಿ ಅಲ್ಲಿನವರು ಮೂರು ಎಕರೆಯಷ್ಟು ಜಾಗದಲ್ಲಿ ಬಾಚೋದನ್ನು ನಿಲ್ಲಿಸಿ, ತಗ್ಗಾದ ಮರದ ಪಟ್ಟಿಯ ಬೇಲಿ ಹಾಕಿ, ಸ್ಥಳೀಯ ಗಿಡದ ಬೀಜ ಚೆಲ್ಲಿ, ಸುಮ್ಮನೆ ಕೂತರು. ಮರಳು ತಂದು ಸುರಿಯಲಿಲ್ಲ. ಗಾಳಿಯೇ ತಂದು ಗುಪ್ಪೆ ಕಟ್ಟಿತು. ಮರುವರ್ಷವೇ ಅಲ್ಲಿ ಪುಟ್ಟ ಕಡಲಹಕ್ಕಿಯೊಂದರ ಗೂಡು ಕಾಣಿಸಿತು. ಲಾಸ್ ಏಂಜಲೀಸ್ ಜಿಲ್ಲೆಯ ತೀರದಲ್ಲಿ ಆ ಹಕ್ಕಿ ಗೂಡು ಕಟ್ಟಿ ಸುಮಾರು 70 ವರ್ಷವಾಗಿತ್ತು. ನಾವು ಯಾರನ್ನು ನೋಡಿ ಬೀಚ್ ಬಾಚೋದನ್ನು ಕಲಿಯಲು ಹೊರಟಿದ್ದೇವೋ ಅವರು ಬಾಚಣಿಗೆ ಕೆಳಗಿಡುತ್ತಿದ್ದಾರೆ.

'ಬ್ಲೂ ಫ್ಲ್ಯಾಗ್ ಬೇಕಂದ್ರೆ ಕ್ಲೀನ್ ಮಾಡ್ಲೇಬೇಕಲ್ಲ' ಅನ್ನೋ ಮಾತೂ ಕೇಳಿದ್ದೇನೆ. 2020ರಲ್ಲಿ ನಮ್ಮ ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡಿಗೆ ಆ ಬಾವುಟ ಸಿಕ್ಕಿತು, ಸಂತೋಷ. ಆದರೆ ಆ ಬಾವುಟದ ನಿಯಮ ಪುಸ್ತಕದಲ್ಲೇ ಒಂದು ಷರತ್ತಿದೆ: ಪಾಚಿ ಮತ್ತಿತರ ನೈಸರ್ಗಿಕ ವಸ್ತುಗಳನ್ನು ಬೀಚಿನಲ್ಲೇ ಬಿಡಬೇಕು. ಬಾವುಟ ಕೊಡುವವರು ಬಿಡಿ ಅಂತಾರೆ, ಬಾವುಟದ ಆಸೆಗೆ ನಾವು ಬಾಚುತ್ತೇವೆ.

ಎರಡನೆಯದು ಮಟ್ಟ ಮಾಡೋದು. ನಮ್ಮೂರಲ್ಲಿ ಕಡಲಿಗೆ ಮುಖ ಮಾಡಿದ ಒಂದು ಜಾಗ ಕೆಲವು ವರ್ಷದ ಹಿಂದೆ ಕೈ ಬದಲಾಯಿತು. ರೆಸಾರ್ಟ್ ಬಂತು. ಕಾಟೇಜಿನ ಮಂಚದ ಮೇಲೆ ಮಲಗಿದವರಿಗೆ ಕಡಲು ಕಾಣಬೇಕು, ದಿಬ್ಬ ಅಡ್ಡ. ಜೆಸಿಬಿ ಎರಡೇ ದಿನ ಕೆಲಸ ಮಾಡಿತು. ಆಮೇಲೆ ಲಾನ್, ಇಂಟರ್‌ಲಾಕ್, ಸೆಲ್ಫಿ ಪಾಯಿಂಟು. ಮೊದಲ ಬೇಸಿಗೆಯಲ್ಲಿ ರೆಸಾರ್ಟಿನವರಿಗೆ ಕಂಡದ್ದು ಈಜುಕೊಳದಲ್ಲಿ ಹೊಯ್ಗೆ. ತಡೆಯುವ ಬಳ್ಳಿ ಇಲ್ಲವಾದ್ದರಿಂದ ಗಾಳಿ ನೇರ ಒಳಗೇ ತಂದು ಸುರಿಯುತ್ತಿತ್ತು. ಅದಕ್ಕೆ ಅವರು ಎತ್ತರದ ಶೀಟು ಕಟ್ಟಿದರು. ಅಲ್ಲಿಗೆ ಕಡಲೂ ಕಾಣದ ಹಾಗಾಯಿತು! ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಎರಡನೇ ಮಳೆಗಾಲದಲ್ಲಿ ನೀರು ಆ ಬಯಲಿನಿಂದ ಒಳನುಗ್ಗಿ ಪಕ್ಕದ ನನ್ನ ದೊಡ್ಡಪ್ಪನ ತೋಟದ ಅಂಚನ್ನು ಕೊರೆಯಿತು. ಹನ್ನೊಂದು ತೆಂಗಿನ ಮರ ಹೋಯಿತು. ಬಾವಿ ನೀರು ಉಪ್ಪಾಯಿತು. ದೊಡ್ಡಪ್ಪ ದಿಬ್ಬ ತೆಗೆದವರಲ್ಲ, ಕಡಲು ನೋಡೋಕೆ ದುಡ್ಡು ಕೊಟ್ಟವರೂ ಅಲ್ಲ. ಆದರೆ ಬಿಲ್ ಬಂದದ್ದು ಅವರಿಗೆ. ನೆಲ ಒಬ್ಬನದಿರಬಹುದು, ಅದರ ಮೇಲಿನ ದಿಬ್ಬ ಇಡೀ ಓಣಿಯದ್ದು.

ಕಾನೂನು ಏನೂ ಹೇಳೋದಿಲ್ಲ ಅಂದುಕೊಂಡಿರಾ? ಬಹಳ ಸ್ಪಷ್ಟವಾಗಿ ಹೇಳುತ್ತೆ. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲೇ, ಸೌಂದರ್ಯೀಕರಣ ಅಥವಾ ಮನರಂಜನೆಯ ಉದ್ದೇಶಕ್ಕೆ ಮರಳು ದಿಬ್ಬಗಳನ್ನು ಸವರುವುದನ್ನೂ ಬದಲಾಯಿಸುವುದನ್ನೂ ನಿಷೇಧಿತ ಕೆಲಸಗಳ ಪಟ್ಟಿಗೆ ಸೇರಿಸಿದ್ದಾರೆ. 2011ರಲ್ಲಿ ಹೊಸ ಅಧಿಸೂಚನೆ ಬಂತು, 2019ರಲ್ಲಿ ಇನ್ನೊಂದು ಬಂತು. ಎಷ್ಟೋ ವಿಷಯದಲ್ಲಿ ಹಿಡಿತ ಸಡಿಲವಾಯಿತು, ಈ ಮಾತು ಮಾತ್ರ ಉಳಿಯಿತು. 2019ರ ಅಧಿಸೂಚನೆ ಮರಳು ದಿಬ್ಬಗಳನ್ನು ಅತ್ಯಂತ ಸೂಕ್ಷ್ಮವಾದ 1ಎ ವರ್ಗದಲ್ಲಿ ಇಟ್ಟಿದೆ. ಮ್ಯಾಂಗ್ರೋವ್ ಕಾಂಡ್ಲಾ ಕಾಡು, ಹವಳದ ದಿಬ್ಬ ಇರುವ ಸಾಲಿನಲ್ಲೇ ನಮ್ಮ ಹೊಯ್ಗೆ ದಿಬ್ಬವೂ ಇದೆ. ಹಾಗಿದ್ದೂ 'ಬೀಚ್ ಬ್ಯೂಟಿಫಿಕೇಶನ್' ಅನ್ನೋ ಪದವನ್ನು ನಾವು ಫ್ಲೆಕ್ಸ್ ಬೋರ್ಡಿನಲ್ಲಿ ಹೆಮ್ಮೆಯಿಂದ ಹಾಕುತ್ತೇವೆ. ಯಾವ ಉದ್ದೇಶಕ್ಕೆ ದಿಬ್ಬ ಮುಟ್ಟಬಾರದು ಅಂತ ಕಾನೂನು ಹೆಸರಿಟ್ಟು ಹೇಳಿದೆಯೋ ಅದೇ ಉದ್ದೇಶದ ಹೆಸರಲ್ಲಿ ಗುದ್ದಲಿ ಪೂಜೆ!

ಮೂರನೆಯದು ಕಲ್ಲು. ಇಲ್ಲಿ ಸ್ವಲ್ಪ ನಿಧಾನವಾಗಿ ಮಾತಾಡಬೇಕು, ಯಾಕಂದ್ರೆ ಕಲ್ಲು ಕೇಳುವವರು ಪ್ರವಾಸಿಗರಲ್ಲ, ಮನೆ ಕಳೆದುಕೊಳ್ಳುವವರು. ಉಳ್ಳಾಲದಿಂದ ಮರವಂತೆಯವರೆಗೆ ಪ್ರತಿ ಮಳೆಗಾಲದಲ್ಲೂ ಕಡಲ್ಕೊರೆತದ ಸುದ್ದಿ ಬರುತ್ತೆ. ಲಾರಿಗಟ್ಟಲೆ ಕಲ್ಲು ಬಂದು ಬೀಳುತ್ತೆ. ಅಡುಗೆಮನೆಯ ಗೋಡೆಗೆ ಅಲೆ ಬಡಿಯುವಾಗ ಮೊಗವೀರ ಹೆಂಗಸೊಬ್ಬಳ ಎದುರು ನಿಂತು 'ಅಮ್ಮಾ, ಗಾಳಿ ದಿಬ್ಬ ಕಟ್ಟಿಕೊಡುತ್ತೆ, ಇನ್ನು ಹತ್ತು ವರ್ಷ ಕಾಯಿ' ಅನ್ನೋದು ಕ್ರೌರ್ಯ. ಆ ಹೊತ್ತಿಗೆ ಕಲ್ಲು ಬೇಕು. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಅಂಥಲ್ಲಿ ದಿಬ್ಬಕ್ಕೆ ಜಾಗವೇ ಉಳಿದಿಲ್ಲ, ಕಲ್ಲು ಬೇಡ ಅನ್ನೋಕೆ ಯಾರಿಗೂ ಬಾಯಿಲ್ಲ.

ನನ್ನ ಜಗಳ ಇರೋದು ಕಲ್ಲನ್ನೇ ಮೊದಲ ಮದ್ದು ಮಾಡಿಕೊಂಡವರ ಜೊತೆ, ದಿಬ್ಬ ಇನ್ನೂ ಜೀವಂತ ಇರುವಲ್ಲೂ ಎಸ್ಟಿಮೇಟ್ ಹಾಕುವವರ ಜೊತೆ. ಕಲ್ಲಿನ ಗೋಡೆ ಅದರ ಹಿಂದಿನ ನೆಲವನ್ನು ಸ್ವಲ್ಪ ಕಾಲ ಕಾಯುತ್ತೆ, ಮುಂದಿನ ಬೀಚನ್ನು ತಿನ್ನುತ್ತೆ. ಇಳಿಜಾರು ಮರಳಿನ ಮೇಲೆ ಹತ್ತಿ ಸುಸ್ತಾಗಿ ಹಿಂದಿರುಗಬೇಕಾದ ಅಲೆ ಗೋಡೆಗೆ ಬಡಿದು ಅದೇ ರಭಸದಲ್ಲಿ ವಾಪಸ್ ಬರುತ್ತೆ, ಬುಡದ ಮರಳನ್ನು ಕೆದಕುತ್ತೆ. ಬೀಚ್ ಕಿರಿದಾಗುತ್ತೆ. ಕಿರಿದಾದ ಬೀಚ್ ಭರತದ ನೀರಿಗೆ ಪೂರ್ತಿ ನೆನೆಯುತ್ತೆ. ಒಣ ಮರಳೇ ಇಲ್ಲದ ಮೇಲೆ ಗಾಳಿ ಹೊರುವುದೇನನ್ನು? ಹಾರಿಬಂದ ಚೂರು ಮರಳೂ ಬಂಡೆಗಳ ಸಂದಿ ಸೇರುತ್ತೆ. ಜಮೆ ಬಂದ್. ಗೋಡೆ ಮುಗಿಯುವ ತುದಿಯಲ್ಲಿ ಅಲೆ ತಿರುಗಿ ಪಕ್ಕದ ಊರನ್ನು ಕೊರೆಯುತ್ತೆ. ಅವರೂ ಕಲ್ಲು ಕೇಳುತ್ತಾರೆ. ಕೊರೆತ ಊರಿಂದೂರಿಗೆ ಹೋಗುತ್ತೆ, ಅದರ ಹಿಂದೆ ಟೆಂಡರೂ ಹೋಗುತ್ತೆ. ಕೈರಂಪಣಿ ಬಲೆ ಎಳೆಯೋಕೆ, ದೋಣಿ ಎಳೆದಿಡೋಕೆ, ಮೀನು ಒಣಗಿಸೋಕೆ ಬೀಚೇ ಇಲ್ಲವಾದಾಗ ಮನೆ ಉಳಿದರೂ ಬದುಕು ಉಳಿಯೋದಿಲ್ಲ. ದಿಬ್ಬ ಹೋದ ಮೇಲೆ ಕಲ್ಲು ಕೇಳುವವರದು ತಪ್ಪಲ್ಲ. ಕಲ್ಲು ಕೇಳುವ ಸ್ಥಿತಿಗೆ ಅವರನ್ನು ತಂದವರದು ತಪ್ಪು.

ನಾಲ್ಕನೆಯದನ್ನು ಹೇಳಿದರೆ ಪರಿಸರದ ಗೆಳೆಯರೂ ಮುನಿಸಿಕೊಳ್ಳುತ್ತಾರೆ: ಗಾಳಿ ಮರ. ಆಸ್ಟ್ರೇಲಿಯಾ ಮತ್ತು ಆಗ್ನೇಯ ಏಷ್ಯಾ ಮೂಲದ ಈ ಮರವನ್ನು 1860ರ ದಶಕದಲ್ಲಿ ನಮ್ಮ ಕಾರವಾರಕ್ಕೆ ತಂದು ನೆಟ್ಟರು. ಅಲ್ಲಿಂದ ಅದು ಭಾರತದ ಕರಾವಳಿಯಲ್ಲೆಲ್ಲ ಹರಡಿತು. ಊರಿನ ಹಿಂಬದಿಯಲ್ಲಿ ಗಾಳಿ ತಡೆಗೆ, ಸೌದೆಗೆ ಅದು ಒಳ್ಳೆಯದೇ. ಆದರೆ ದಿಬ್ಬದ ಮುಖಕ್ಕೇ ಒತ್ತೊತ್ತಾಗಿ ನೆಟ್ಟರೆ ಅದರ ಸೂಜಿಯಂಥ ಉದುರು ನೆಲಕ್ಕೆ ಚಾಪೆ ಹಾಸಿ, ನೆರಳು ಕವಿದು, ಬಿಸಿಲು ಬೇಕಾದ ಬಳ್ಳಿ ಹುಲ್ಲುಗಳು ಸಾಯುತ್ತವೆ. ದಿಬ್ಬ ಕಟ್ಟುವ ಗಿಡ ಹೋಗಿ, ದಿಬ್ಬದ ಮೇಲೆ ನಿಲ್ಲುವ ಮರ ಬರುತ್ತೆ. ದೊಡ್ಡ ಕೊರೆತ ಬಂದ ದಿನ ಆ ಮರಗಳು ಬೇರು ಸಮೇತ ಬೀಚಿನ ಮೇಲೆ ಅಡ್ಡ ಬೀಳುತ್ತವೆ. ವನಮಹೋತ್ಸವದ ಫೋಟೋದಲ್ಲಿ ನೆಲಕ್ಕಂಟಿದ ಬಳ್ಳಿ ಕಾಣೋದಿಲ್ಲ, ಸಸಿ ಕಾಣುತ್ತೆ. ಅದಕ್ಕೇ ಸಸಿ.

ಈಗ ಒಂದು ಆಕ್ಷೇಪ ಬರುತ್ತೆ, ನ್ಯಾಯವಾದದ್ದೇ. 'ಅಲ್ಲ ಮಾರಾಯ್ರೆ, ಗಾಳಿಗೆ ಮರಳು ಬಿಟ್ಟುಕೊಟ್ಟರೆ ಊರೇ ಹೂತುಹೋಗೋದಿಲ್ವಾ? ತಲಕಾಡು ನೋಡಿಲ್ವಾ?' ನೋಡಿದ್ದೇನೆ. ಗಾಳಿ ಮತ್ತು ಮರಳು ಅಂದ ಕೂಡಲೇ ಕನ್ನಡಿಗರಿಗೆ ನೆನಪಾಗೋದೇ ಅಲಮೇಲಮ್ಮನ ಶಾಪ. ತಲಕಾಡಿನದು ಕಾವೇರಿಯ ಮರಳು, ಕಡಲಿನದಲ್ಲ. ಆದರೂ ಆಕ್ಷೇಪದ ತಿರುಳು ಸರಿ, ಗಾಳಿ ಊರನ್ನು ಹೂಳಬಲ್ಲದು. ಕಡಲತೀರದ್ದೇ ಉದಾಹರಣೆ ಬೇಕಾದರೆ ಡೆನ್ಮಾರ್ಕಿನ ಉತ್ತರ ತುದಿಯ ಸ್ಕಾಗೆನ್‌ಗೆ ಹೋಗಿ. ಅಲ್ಲೊಂದು ಹಳೆಯ ಚರ್ಚು. ಹಾರಿಬಂದ ಮರಳು ಬಾಗಿಲು ಮುಚ್ಚುತ್ತಿತ್ತು, ಜನ ಪ್ರಾರ್ಥನೆಗೆ ಮುಂಚೆ ಸಲಿಕೆ ಹಿಡಿದು ದಾರಿ ಬಿಡಿಸಿಕೊಳ್ಳುತ್ತಿದ್ದರು. ಕೊನೆಗೆ 1795ರಲ್ಲಿ ಕೈಬಿಟ್ಟರು. ಇವತ್ತು ದಿಬ್ಬಗಳ ನಡುವೆ ಅದರ ಗೋಪುರ ಮಾತ್ರ ನಿಂತಿದೆ.

ಆದರೆ ಅಲ್ಲಿ ಮರಳು ಯಾಕೆ ಎದ್ದಿತು ಅಂತ ಕೇಳಿ. ದನ ಕುರಿ ಮೇಯಿಸಿ, ಉರುವಲಿಗೆ ಕೊಯ್ದು, ದಿಬ್ಬದ ಹುಲ್ಲು ಬರಿದು ಮಾಡಿದ್ದಕ್ಕೆ. ಡೆನ್ಮಾರ್ಕಿನ ದೊರೆ 1539ರಷ್ಟು ಹಿಂದೆಯೇ ದಿಬ್ಬದ ಹುಲ್ಲು ಕೀಳಬಾರದು ಅಂತ ಆಜ್ಞೆ ಹೊರಡಿಸಿದ್ದು ಅದಕ್ಕೇ. ನಮ್ಮ ಅಜ್ಜಿಯ ಮಾತೂ ಅದೇ ಅಲ್ಲವಾ? ಬಳ್ಳಿ ಇದ್ದಲ್ಲಿ ಗಾಳಿ ದಿಬ್ಬ ಕಟ್ಟುತ್ತೆ, ಬಳ್ಳಿ ಕಿತ್ತಲ್ಲಿ ಅದೇ ಗಾಳಿ ಊರಿಗೆ ನುಗ್ಗುತ್ತೆ. ಶಾಪ ಕೊಡೋದು ಗಾಳಿಯಲ್ಲ, ಬಳ್ಳಿಗೆ ಕೈ ಹಾಕಿದವರು. ಬ್ಲೂ ಫ್ಲ್ಯಾಗ್ ಕೊಡುವ ಸಂಸ್ಥೆಯ ಕಚೇರಿಯೂ ಅದೇ ಡೆನ್ಮಾರ್ಕಿನಲ್ಲಿದೆ ಅನ್ನೋದನ್ನು ಇಲ್ಲಿ ನೆನಪಿಸಿಕೊಳ್ಳಿ.

ಇನ್ನೊಂದು ಆಕ್ಷೇಪ: 'ಇದೆಲ್ಲ ಭಾವುಕತೆ, ಎಂಜಿನಿಯರಿಂಗ್ ಅಲ್ಲ.' ಸರಿ, ಜಗತ್ತಿನಲ್ಲಿ ಕಡಲನ್ನು ತಡೆಯೋದರಲ್ಲಿ ಪಳಗಿದ ಎಂಜಿನಿಯರುಗಳು ಯಾರು? ಡಚ್ಚರು. ದೇಶದ ದೊಡ್ಡ ಭಾಗ ಕಡಲ ಮಟ್ಟಕ್ಕಿಂತ ಕೆಳಗಿರುವವರು ಅವರು. ಹೇಗ್ ನಗರದ ದಕ್ಷಿಣಕ್ಕೆ 2011ರಲ್ಲಿ ಅವರು 2 ಕೋಟಿ 15 ಲಕ್ಷ ಘನ ಮೀಟರ್ ಮರಳನ್ನು ಕಡಲಿನಿಂದ ಎತ್ತಿ ತೀರದ ಒಂದೇ ಕಡೆ ರಾಶಿ ಹಾಕಿದರು. ಸ್ಯಾಂಡ್ ಮೋಟರ್ ಅಂತ ಹೆಸರು. ಆಮೇಲೆ? ಹರಡುವ ಕೆಲಸವನ್ನು ಅಲೆ, ಪ್ರವಾಹ ಮತ್ತು ಗಾಳಿಗೆ ವಹಿಸಿಕೊಟ್ಟರು. ಅಷ್ಟು ತಿಳಿದವರು ಗಾಳಿಯನ್ನು ಕೂಲಿಯಿಲ್ಲದ ಕೆಲಸಗಾರನ ಹಾಗೆ ದುಡಿಸಿಕೊಳ್ಳುತ್ತಿದ್ದಾರೆ. ಡಚ್ಚರಷ್ಟು ದುಡ್ಡು ನಮ್ಮಲ್ಲಿಲ್ಲ, ನಿಜ. ಆದರೆ ನಮ್ಮ ಎಷ್ಟೋ ತೀರಗಳಲ್ಲಿ ರಾಶಿ ಹಾಕುವ ಅಗತ್ಯವೂ ಇಲ್ಲ. ಬೀಚ್ ಇದೆ, ಬಳ್ಳಿ ಇದೆ, ಗಾಳಿ ಇದೆ. ನಾವು ಖರ್ಚು ಮಾಡಬೇಕಾದದ್ದು ಕೈ ಕಟ್ಟಿ ಕೂರುವ ತಾಳ್ಮೆಯನ್ನು. ಅದು ಹಾಳಾದಲ್ಲಿ ತೆಂಗಿನ ಮಡಲಿನ ಬೇಲಿ ಸಾಕು. ಗಾಳಿಗೆ ಅಡ್ಡವಾಗಿ ಒಂದು ಸಾಲು ಮಡಲು ನೆಟ್ಟು, ಮರಳು ಕೂತ ಮೇಲೆ ಬಳ್ಳಿಯ ತುಂಡು ಊರಿ, ಜನ ನಡೆಯೋಕೆ ಒಂದೇ ಒಂದು ಕಾಲುದಾರಿ ಬಿಟ್ಟರೆ ಆಯಿತು. ಇದಕ್ಕೆ ಟೆಂಡರ್ ಕರೆಯುವಷ್ಟು ದೊಡ್ಡ ಮೊತ್ತ ಆಗೋದಿಲ್ಲ. ಬಹುಶಃ ಇದನ್ನು ಯಾರೂ ಮಾಡದೇ ಇರೋದಕ್ಕೆ ಅದೇ ಕಾರಣ.

ಒಂದನ್ನು ಒಪ್ಪುತ್ತೇನೆ. ಗಾಳಿ ಇಲ್ಲದ ಮರಳನ್ನು ಹುಟ್ಟಿಸಲಾರದು. ಬೀಚಿನ ಮರಳಿನ ದೊಡ್ಡ ಪಾಲು ಬರೋದು ನದಿಗಳಿಂದ. ಶರಾವತಿಗೆ ಲಿಂಗನಮಕ್ಕಿ, ಕಾಳಿಗೆ ಸೂಪಾ ಕಟ್ಟಿದೆವು, ಮರಳು ಅಣೆಕಟ್ಟಿನ ಹಿಂದೆ ಕೂತಿತು. ಉಳಿದದ್ದನ್ನು ನದಿಮುಖದಲ್ಲೇ ತೋಡಿ ಲಾರಿಗೆ ತುಂಬಿದೆವು. ಬೆಂಗಳೂರಿಗಾಗಲಿ ಮಂಗಳೂರಿಗಾಗಲಿ ಕರೆಂಟೂ ಬೇಕು, ಕಾಂಕ್ರೀಟೂ ಬೇಕು. ಆ ಲೆಕ್ಕ ಬೇರೆಯೇ ದೊಡ್ಡದು. ಆದರೆ ಬರುವ ಮರಳು ಕಡಿಮೆಯಾದಾಗ, ಇರುವ ಮರಳನ್ನು ತೀರದಲ್ಲೇ ಹಿಡಿದಿಡುವ ದಿಬ್ಬದ ಬೆಲೆ ಏರಬೇಕು ತಾನೆ? ಸಂಬಳ ಕಡಿತವಾದ ತಿಂಗಳೇ ಉಳಿತಾಯ ಖಾತೆ ಒಡೆಯುವವನನ್ನು ಏನಂತೀರಿ?

ನೀವು ಈ ವರ್ಷವೂ ಗೋಕರ್ಣಕ್ಕೋ ಮುರ್ಡೇಶ್ವರಕ್ಕೋ ಉಡುಪಿ ಕಡೆಗೋ ಹೋಗೇ ಹೋಗ್ತೀರಿ. ಹೋಗಿ, ಬೇಡ ಅನ್ನಲ್ಲ. ರೂಮ್ ಬುಕ್ ಮಾಡುವಾಗ ವೈಫೈ ಸ್ಪೀಡ್ ಕೇಳುವ ಜೊತೆ ಇನ್ನೊಂದು ಪ್ರಶ್ನೆ ಕೇಳಿ: 'ಮುಂದಿನ ದಿಬ್ಬ ಹಾಗೇ ಇದೆಯಾ?' ದಿಬ್ಬ ಇದ್ದು ಕಡಲು ಕಾಣದ ರೂಮಿಗೆ ಒಳ್ಳೆಯ ರಿವ್ಯೂ ಬರೆಯಿರಿ. ದಿಬ್ಬ ಸವರಿ ಕಡಲು ತೋರಿಸುವವರ ಬಗ್ಗೆ ಅದನ್ನೂ ಬರೆಯಿರಿ. ಇವರಿಗೆ ಪಂಚಾಯತಿಯ ನೋಟಿಸಿಗಿಂತ ಒಂದು ಸ್ಟಾರ್ ಕಡಿಮೆಯಾಗೋದು ಹೆಚ್ಚು ಹೆದರಿಕೆ. ಕಂಪನಿಯಿಂದ ಕ್ಲೀನಪ್‌ಗೆ ಕರೆದೊಯ್ದರೆ ಮನುಷ್ಯ ಮಾಡಿದ್ದನ್ನು ಮಾತ್ರ ಹೆಕ್ಕಿ, ಕಡಲು ಮಾಡಿದ್ದನ್ನು ಬಿಡಿ. ದಿಬ್ಬದ ಮೇಲೆ ಥಾರ್ ಹತ್ತಿಸಿ ರೀಲ್ಸ್ ಮಾಡುವ ಗೆಳೆಯನಿದ್ದರೆ, ಚಕ್ರದಡಿ ಒಮ್ಮೆ ಸತ್ತ ಬಳ್ಳಿಯ ಜಾಗದಲ್ಲಿ ಗಾಳಿ ತೂತು ಕೊರೆಯುತ್ತೆ ಅಂತ ಹೇಳಿ, ಕೀ ಕಿತ್ತುಕೊಳ್ಳಿ. ಕರಾವಳಿಯಲ್ಲಿ ಮನೆ ಇರುವವರಾದರೆ ನಿಮ್ಮ ಜಿಲ್ಲೆಯ ಕರಾವಳಿ ವಲಯ ನಿರ್ವಹಣಾ ಯೋಜನೆಯ ನಕ್ಷೆ ತೆರೆದು ನಿಮ್ಮೂರಿನ ದಿಬ್ಬ ಅದರಲ್ಲಿ ಗುರುತಾಗಿದೆಯೇ ನೋಡಿ. ನಕ್ಷೆಯಲ್ಲಿ ಇಲ್ಲದ ದಿಬ್ಬವನ್ನು ಕಾಪಾಡೋದು ಕಷ್ಟ. ಸಾರ್ವಜನಿಕ ಅಹವಾಲಿಗೆ ಕರೆದಾಗ ಹೋಗಿ, ಬರಹದಲ್ಲಿ ಆಕ್ಷೇಪ ಕೊಡಿ. ಎಕ್ಸೆಲ್ ಶೀಟಿನಲ್ಲಿ ಒಂದು ಸಾಲು ತಪ್ಪಿದ್ದಕ್ಕೆ ರಾತ್ರಿ ಹನ್ನೊಂದಕ್ಕೆ ಮೇಲ್ ಹಾಕುವ ನಮಗೆ ಇದು ಕಷ್ಟದ ಕೆಲಸವಲ್ಲ.

ಒಂದೊಂದು ಕಾಳಿನ ಹಾಗೆ ನೆಗೆಸಿ, ಬೀಳಿಸಿ, ಗಾಳಿ ಒಂದು ದಿಬ್ಬ ಕಟ್ಟೋಕೆ ಎಷ್ಟೋ ಬೇಸಿಗೆಗಳು ಬೇಕು. ಜೆಸಿಬಿಗೆ ಎರಡು ದಿನ ಸಾಕು. ಗಂಟೆಗೆ ಇಷ್ಟು ಅಂತ ಬಾಡಿಗೆ ಕೊಟ್ಟು ಅದನ್ನು ಕರೆಸಿದವರು ಮಳೆಗಾಲದಲ್ಲಿ ಊರಲ್ಲಿ ಇರೋದಿಲ್ಲ. ಆಫ್ ಸೀಸನ್ ಅಂತ ಬೀಗ ಹಾಕಿ ಹೋಗಿರ್ತಾರೆ. ನಮ್ಮ ದೊಡ್ಡಪ್ಪನಂಥವರಿಗೆ ಆಫ್ ಸೀಸನ್ ಇಲ್ಲ.